ಕಲ್ಲು ತೆಗೆದವರ ಲೆಕ್ಕಪತ್ರ

ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ಸ್ಕ್ಯಾನಿಂಗ್ ವರದಿ ಬಂತೆಂದರೆ ಮನೆಯಲ್ಲಿ ಒಂದು ಸಣ್ಣ ಸಭೆಯೇ ಸೇರುತ್ತದೆ. ಬಾಳೆದಿಂಡಿನ ರಸ ಕುಡಿದರೆ ಸಾಕು ಎನ್ನುತ್ತಾರೆ ಅಜ್ಜಿ. ಹುರುಳಿ ಕಟ್ಟು ಕುಡಿದೇ ತಮ್ಮ ಕಲ್ಲು ಬಿದ್ದುಹೋಯಿತೆಂದು ಪಕ್ಕದ ಮನೆಯವರು ಸಾಕ್ಷಿ ನುಡಿಯುತ್ತಾರೆ. ಲೇಸರ್ ಮಾಡಿಸಿಬಿಡಿ, ಎರಡು ದಿನದ ಕೆಲಸ ಎನ್ನುವವರು ಇನ್ನೊಬ್ಬರು. ಆಪರೇಷನ್ನೇ ಬೇಡ, ಹೊರಗಿನಿಂದ ತರಂಗ ಕೊಟ್ಟು ಪುಡಿ ಮಾಡುವ ಯಂತ್ರ ಇದೆಯಲ್ಲ ಎಂದು ಮತ್ತೊಬ್ಬರು. ಎಲ್ಲರ ಮಾತಿನಲ್ಲೂ ಒಂದಿಷ್ಟು ಅನುಭವ ಇರುತ್ತದೆ. ಆದರೆ ಅವುಗಳಲ್ಲಿ ಯಾವುದು ಮೇಲು ಎಂದು ತೀರ್ಮಾನಿಸುವುದು ಹೇಗೆ?

ಈ ಪ್ರಶ್ನೆ ಬಹಳ ಹಳೆಯದು. ಎರಡು ಚಿಕಿತ್ಸೆಗಳನ್ನು ಅಂಕಿ ಅಂಶಗಳಿಂದ ತೂಗಿ ನೋಡುವ ಪದ್ಧತಿ ವೈದ್ಯಶಾಸ್ತ್ರದಲ್ಲಿ ಬೇರೂರುವಲ್ಲಿ ಮೂತ್ರದ ಕಲ್ಲಿನ ಪಾತ್ರ ದೊಡ್ಡದು. ಆ ಅಂಕಿ ಅಂಶಗಳು ಎಷ್ಟು ಸುಲಭವಾಗಿ ಮೋಸ ಮಾಡಬಲ್ಲವು ಎಂಬ ಪಾಠಕ್ಕೆ ಇಂದಿಗೂ ಕೊಡುವ ಉದಾಹರಣೆಯೂ ಇದೇ ಕಲ್ಲಿನದು.

ರೋಗವಂತೂ ಮನುಷ್ಯನ ಜೊತೆಗೇ ಬಂದದ್ದು. ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿನ ಇತಿಹಾಸಪೂರ್ವ ಸಮಾಧಿಯೊಂದರಲ್ಲಿ ಹದಿನಾರು ವರ್ಷದ ಆಸುಪಾಸಿನ ಹುಡುಗನ ಅಸ್ಥಿಪಂಜರ ಸಿಕ್ಕಿತು. ಸೊಂಟದ ಮೂಳೆಗಳ ನಡುವೆ ಮೂತ್ರಕೋಶದ ಕಲ್ಲೊಂದು ಇರುವುದನ್ನು 1901ರಲ್ಲಿ ಎಲಿಯಟ್ ಸ್ಮಿತ್ ಗುರುತಿಸಿದ. ಸುಮಾರು ಏಳು ಸಾವಿರ ವರ್ಷ ಹಳೆಯದೆಂದು ಅಂದಾಜಾದ ಆ ಕಲ್ಲನ್ನು ಲಂಡನ್ನಿನ ಸರ್ಜನ್ನರ ಕಾಲೇಜಿನ ಸಂಗ್ರಹಾಲಯದಲ್ಲಿ ಇಡಲಾಗಿತ್ತು. 1941ರಲ್ಲಿ ಬಿದ್ದ ಜರ್ಮನ್ ಬಾಂಬಿಗೆ ಅದು ನಾಶವಾಯಿತು.

ಕತ್ತಿಯ ಕಾಲ

ಇಂದು ನಾವು ಕಲ್ಲು ಎಂದಾಗ ಮೂತ್ರಪಿಂಡದ ಕಲ್ಲು ಕಣ್ಣ ಮುಂದೆ ಬರುತ್ತದೆ. ಹಿಂದಿನವರನ್ನು ಕಾಡಿದ್ದು ಹೆಚ್ಚಾಗಿ ಮೂತ್ರಕೋಶದ ಕಲ್ಲು, ಅದೂ ಹೆಚ್ಚಾಗಿ ಮಕ್ಕಳಲ್ಲಿ. ಮೂತ್ರಪಿಂಡ ಬೆನ್ನಿನ ಆಳದಲ್ಲಿದೆ. ಅಲ್ಲಿಗೆ ಕೈಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಮೂತ್ರಕೋಶವಾದರೋ ಕೈಗೆಟಕುವ ಜಾಗ. ಗುದದ್ವಾರದೊಳಗೆ ಬೆರಳಿಟ್ಟು ಒತ್ತಿದರೆ ಕಲ್ಲು ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಕೊಯ್ದು ಹೊರಗೆಳೆಯಬೇಕು.

ಸುಶ್ರುತ ಸಂಹಿತೆ ಈ ಶಸ್ತ್ರಕ್ರಿಯೆಯನ್ನು ಬೆರಗಾಗುವಷ್ಟು ವಿವರವಾಗಿ ಹೇಳುತ್ತದೆ. ರೋಗಿಯ ಮೇಲ್ಭಾಗ ಬಲಶಾಲಿಯಾದ ಒಬ್ಬನ ತೊಡೆಯ ಮೇಲಿರಬೇಕು, ಮೊಣಕಾಲು ಮಡಿಸಿ ಕಟ್ಟಬೇಕು, ಎಡಗೈಯ ಎರಡು ಬೆರಳುಗಳಿಂದ ಕಲ್ಲನ್ನು ಒತ್ತಿ ತರಬೇಕು, ನಡುಗೆರೆಯ ಎಡಕ್ಕೆ ಒಂದು ಜವೆಗೋಧಿ ಕಾಳಿನಷ್ಟು ಜಾಗ ಬಿಟ್ಟು ಕೊಯ್ಯಬೇಕು. ಕಲ್ಲು ಒಡೆಯದಂತೆ, ಪುಡಿಯಾಗದಂತೆ ಇಡಿಯಾಗಿ ತೆಗೆಯಬೇಕು. ಚೂರು ಉಳಿದರೂ ಮತ್ತೆ ಬೆಳೆಯುತ್ತದೆ ಎಂಬ ಎಚ್ಚರಿಕೆಯೂ ಉಂಟು. ಆಮೇಲೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಕು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಸುಶ್ರುತ ಅದಕ್ಕೂ ಮುಂಚೆ ಹೇಳುವ ಮಾತು. ಮೊದಲು ಔಷಧ, ತುಪ್ಪ, ಕ್ಷಾರ, ಕಷಾಯ ಎಲ್ಲ ಮಾಡಿ ನೋಡಬೇಕು. ಯಾವುದೂ ನಾಟದಿದ್ದಾಗ ಮಾತ್ರ ಶಸ್ತ್ರ. ಶಸ್ತ್ರ ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಫಲ ಸಂದೇಹ. ಆದ್ದರಿಂದ ರಾಜನ ಅನುಮತಿ ಪಡೆದೇ ವೈದ್ಯ ಮುಂದುವರಿಯಬೇಕು. ಎರಡು ದಾರಿಗಳ ಅಪಾಯವನ್ನು ಹೀಗೆ ಎದುರುಬದುರು ಇಟ್ಟು ನೋಡಿದ ಮೇಲೆ ಕತ್ತಿ ಹಿಡಿಯುವುದು ಆತನ ಕ್ರಮ. ಆದರೆ ಅಪಾಯ ಎಷ್ಟು ಎಂಬ ಲೆಕ್ಕ ಅಲ್ಲಿಲ್ಲ.

ಗ್ರೀಸಿನಲ್ಲಿ ಹಿಪಾಕ್ರಟೀಸನ ಹೆಸರಿನ ಪ್ರತಿಜ್ಞೆ ಮಾಡುವ ವೈದ್ಯರು ತಾವು ಕಲ್ಲು ಕೊಯ್ಯುವುದಿಲ್ಲ, ಆ ಕಸುಬಿನವರಿಗೇ ಬಿಡುತ್ತೇವೆ ಎಂದು ಒಪ್ಪಿಕೊಳ್ಳುತ್ತಿದ್ದರು. ಕ್ರಿ. ಶ. ಒಂದನೇ ಶತಮಾನದ ರೋಮಿನ ಸೆಲ್ಸಸ್ ಬರೆದ ವಿಧಾನ ಸುಶ್ರುತನದಕ್ಕೆ ತೀರಾ ಹತ್ತಿರ. ಒಂಬತ್ತರಿಂದ ಹದಿನಾಲ್ಕು ವರ್ಷದ ಹುಡುಗರಿಗೆ ಮಾತ್ರ ಇದನ್ನು ಮಾಡಬೇಕು ಎಂದು ಆತ ಮಿತಿ ಹಾಕಿದ. ಈ ಮಿತಿಯ ಮಾತನ್ನು ಓದುಗರು ನೆನಪಿಡಬೇಕು. ಅಂದಹಾಗೆ, ಮೊಣಕಾಲು ಮಡಿಸಿ ಮೇಲೆತ್ತಿ ಮಲಗಿಸುವ ಆ ಭಂಗಿಗೆ ಇಂದಿಗೂ ಆಸ್ಪತ್ರೆಗಳಲ್ಲಿ ‘ಲಿಥಾಟಮಿ ಭಂಗಿ’ ಎಂದೇ ಹೆಸರು. ಲಿಥಾಟಮಿ ಎಂದರೆ ಕಲ್ಲು ಕೊಯ್ತ. ಹೆರಿಗೆ ಕೋಣೆಯಲ್ಲಿ ಈ ಪದ ಬಳಸುವವರಲ್ಲಿ ಎಷ್ಟು ಮಂದಿಗೆ ಅದರ ಮೂಲ ಹೊಳೆಯುತ್ತದೋ!

ಯೂರೋಪಿನಲ್ಲಿ ಕಲ್ಲು ಕೊಯ್ಯುವವರು ಬಹುಕಾಲ ಊರೂರು ಅಲೆಯುವ ಕಸುಬುದಾರರಾಗಿದ್ದರು. ಕೊಯ್ದು, ಹಣ ಪಡೆದು, ರೋಗಿ ಬದುಕಿದನೇ ಸತ್ತನೇ ಎಂದು ತಿಳಿಯುವ ಮೊದಲೇ ಮುಂದಿನ ಊರಿಗೆ ಹೊರಟುಬಿಡುವುದು ಸಾಮಾನ್ಯ. ಆದರೂ ಜನ ಅವರ ಮುಂದೆ ಮಲಗುತ್ತಿದ್ದರೆಂದರೆ ನೋವು ಎಂಥದ್ದಿರಬೇಕು? ಆಮ್‌ಸ್ಟರ್‌ಡ್ಯಾಮಿನ ಕಮ್ಮಾರ ಯಾನ್ ಡಿ ಡೂಟ್ 1651ರಲ್ಲಿ ತಾನೇ ಮಾಡಿಕೊಂಡ ಚಾಕುವಿನಿಂದ ತನ್ನ ಕಲ್ಲನ್ನು ತಾನೇ ಕೊಯ್ದು ತೆಗೆದುಕೊಂಡ. ಕೋಳಿಮೊಟ್ಟೆ ಗಾತ್ರದ ಆ ಕಲ್ಲನ್ನೂ ಚಾಕುವನ್ನೂ ಹಿಡಿದು ನಿಂತ ಅವನ ಚಿತ್ರಪಟ ಇದೆ. ಇಂಗ್ಲೆಂಡಿನ ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸ್ 1658ರ ಮಾರ್ಚ್ 26ರಂದು, ತನ್ನ 25ನೇ ವಯಸ್ಸಿನಲ್ಲಿ, ಅರಿವಳಿಕೆ ಇಲ್ಲದೆಯೇ ಕೊಯ್ಸಿಕೊಂಡು ಬದುಕಿದ. ಮುಂದೆ ವರ್ಷವರ್ಷವೂ ಆ ದಿನ ಬಂತೆಂದರೆ ದೇವರಿಗೆ ಕೃತಜ್ಞತೆ ಸಲ್ಲಿಸಿ ಔತಣ ಇಡುವುದು ಆತನ ಸಂಕಲ್ಪವಾಗಿತ್ತು. ಕಲ್ಲನ್ನು ಇಡಲು 25 ಷಿಲ್ಲಿಂಗ್ ಬೆಲೆಯ ಪೆಟ್ಟಿಗೆಯನ್ನೂ ಮಾಡಿಸಿದ. ಬದುಕಿದವರು ಹೀಗೆ ಪೆಟ್ಟಿಗೆ ಮಾಡಿಸಿದರು, ದಿನಚರಿ ಬರೆದರು. ಸತ್ತವರು ಏನನ್ನೂ ಬರೆಯಲಿಲ್ಲ. ಚಿಕಿತ್ಸೆಯೊಂದರ ಕೀರ್ತಿ ಬೆಳೆಯುವುದು ಸಾಮಾನ್ಯವಾಗಿ ಹೀಗೆಯೇ.

ಸತ್ತವರನ್ನು ಎಣಿಸುವ ಕೆಲಸ ಹೇಗೆ ಶುರುವಾಯಿತು ಎಂಬುದಕ್ಕೆ ಪ್ಯಾರಿಸ್ಸಿನ ಒಂದು ಪ್ರಕರಣ ಸಾಕು. ಸನ್ಯಾಸಿಯ ವೇಷ ತೊಟ್ಟು ಊರೂರು ಸುತ್ತುತ್ತಿದ್ದ ಫ್ರೇರ್ ಜಾಕ್ ಎಂಬ ಕಲ್ಲುಕೊಯ್ಯುವವ 1697ರಲ್ಲಿ ಅಲ್ಲಿಗೆ ಬಂದ. ನಡುಗೆರೆಯಿಂದ ಪಕ್ಕಕ್ಕೆ ಸರಿದು ಕೊಯ್ಯುವ ಆತನ ಹೊಸ ವಿಧಾನ ನೋಡಿ ಊರಿಗೆ ಊರೇ ಮರುಳಾಯಿತು. ಮುಂದಿನ ವರ್ಷ ಆಸ್ಪತ್ರೆಗಳಲ್ಲಿ ಅವಕಾಶವೂ ಸಿಕ್ಕಿತು. ಅಲ್ಲಿ ಆತ ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. ಸುಮಾರು 60 ಮಂದಿಯನ್ನು ಕೊಯ್ದ, 25 ಮಂದಿ ಸತ್ತರು. ಮೇರಿ ಎಂಬ ಶಸ್ತ್ರವೈದ್ಯ ಸತ್ತವರ ದೇಹ ತೆರೆದು ನೋಡಿದಾಗ ಕತ್ತಿ ಎಲ್ಲೆಲ್ಲಿ ಹರಿದಾಡಿತ್ತು ಎಂಬುದು ಬಯಲಾಯಿತು. ಫ್ರೇರ್ ಜಾಕ್‌ನಿಗೆ ಶರೀರರಚನೆಯ ಪಾಠ ಆಗಿರಲಿಲ್ಲ. ಆದರೆ ಆತ ಹಿಡಿದ ದಾರಿ ತಪ್ಪಲ್ಲ, ಹಿಡಿದ ಕೈ ತಪ್ಪು.

ಅದನ್ನು ತೋರಿಸಿಕೊಟ್ಟವನು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವಿಲಿಯಂ ಚೆಸೆಲ್ಡನ್. ಆತ 1727ರ ಸುಮಾರಿಗೆ ಅದೇ ಪಕ್ಕದ ಕೊಯ್ತವನ್ನು ತಿದ್ದಿ, ಒಂದು ನಿಮಿಷದೊಳಗೆ ಕಲ್ಲು ತೆಗೆಯುವಷ್ಟು ಪಳಗಿದ. ಅರಿವಳಿಕೆ ಇಲ್ಲದ ಕಾಲದಲ್ಲಿ ಆ ಒಂದು ನಿಮಿಷದ ಬೆಲೆ ನಮಗೆ ಸುಲಭವಾಗಿ ಅರ್ಥವಾಗದು. ಅದಕ್ಕಿಂತ ದೊಡ್ಡ ಕೆಲಸವೆಂದರೆ ಆತ ಪ್ರಕಟಿಸಿದ ಪಟ್ಟಿ. ಆಸ್ಪತ್ರೆಯಲ್ಲಿ ಕೊಯ್ದ 213 ಮಂದಿಯಲ್ಲಿ ಸತ್ತವರು 20. ಆ ಕಾಲಕ್ಕೆ ಇದು ನಂಬಲಾಗದ ಸಾಧನೆ. ಆದರೆ ಚೆಸೆಲ್ಡನ್ ಈ ಒಂದು ಸಂಖ್ಯೆ ಹೇಳಿ ಸುಮ್ಮನಾಗಲಿಲ್ಲ. ವಯಸ್ಸಿನ ಪ್ರಕಾರ ಬಿಡಿಸಿಟ್ಟ. ಹತ್ತು ವರ್ಷದೊಳಗಿನ 105 ಮಕ್ಕಳಲ್ಲಿ ಸತ್ತವರು 3. ಹತ್ತರಿಂದ ಇಪ್ಪತ್ತರವರೆಗಿನ 62 ಮಂದಿಯಲ್ಲಿ 4. ಐವತ್ತರಿಂದ ಅರವತ್ತರೊಳಗಿನ ಏಳು ಮಂದಿಯಲ್ಲಿ ನಾಲ್ವರು ಸತ್ತರು. ಇಪ್ಪತ್ತು ದಾಟಿದವರನ್ನೆಲ್ಲ ಕೂಡಿಸಿದರೆ 46ರಲ್ಲಿ 13. ಒಂದೇ ಆಸ್ಪತ್ರೆ, ಒಂದೇ ಕೈ, ಒಂದೇ ಕತ್ತಿ. ಮಗುವಿಗೆ ಅದು ಬಹುಮಟ್ಟಿಗೆ ಬದುಕು, ಅರವತ್ತರ ಹತ್ತಿರದ ಮುದುಕನಿಗೆ ಹೆಚ್ಚೂ ಕಡಿಮೆ ಸಾವು. ಸೆಲ್ಸಸ್ ಹಾಕಿದ ವಯಸ್ಸಿನ ಮಿತಿಯ ಗುಟ್ಟು ಇಲ್ಲಿ ಅಂಕಿಯಾಗಿ ಕಾಣಿಸುತ್ತದೆ. ಹೆಚ್ಚು ಮಕ್ಕಳನ್ನು ಕೊಯ್ದವನ ಪಟ್ಟಿ ಚೆನ್ನಾಗಿಯೇ ಕಾಣುತ್ತದೆ.

ಐದು ಸಾವಿರ ಪೌಂಡಿನ ಗುಟ್ಟು

ಕತ್ತಿಗೆ ಹೆದರಿದವರು ಕಲ್ಲು ಕರಗಿಸುವ ಮದ್ದಿಗಾಗಿ ಹಾತೊರೆಯುತ್ತಿದ್ದುದು ಸಹಜ. ಜೊವಾನಾ ಸ್ಟೀವನ್ಸ್ ಎಂಬ ಹೆಂಗಸು ತನ್ನಲ್ಲಿ ಅಂಥ ಮದ್ದಿದೆ, 5,000 ಪೌಂಡ್ ಕೊಟ್ಟರೆ ಗುಟ್ಟು ಹೇಳುತ್ತೇನೆ ಎಂದಳು. ಚಂದಾ ಎತ್ತಿದರೂ ಅಷ್ಟು ಹಣ ಕೂಡಲಿಲ್ಲ. ಕಡೆಗೆ 1739ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ಆ ಮೊತ್ತ ಮಂಜೂರು ಮಾಡಿತು. ಗುಟ್ಟು ಬಯಲಾಯಿತು: ಸುಟ್ಟ ಮೊಟ್ಟೆಚಿಪ್ಪು, ಬಸವನಹುಳು, ಸೋಪು, ಜೇನು, ಕೆಲವು ಸೊಪ್ಪುಗಳು. ಮದ್ದು ಕೆಲಸ ಮಾಡುತ್ತದೆಂದು ತೀರ್ಪು ಕೊಡಲು ನೇಮಕಗೊಂಡವರು ನೋಡಿದ್ದು ನಾಲ್ವರು ರೋಗಿಗಳನ್ನು! ಅವಳ ಪರವಾಗಿ ಓಡಾಡಿದ ತತ್ತ್ವಜ್ಞಾನಿ ಡೇವಿಡ್ ಹಾರ್ಟ್ಲಿ ತಾನೂ ಕಲ್ಲಿನ ರೋಗಿ. ರಾಶಿಗಟ್ಟಲೆ ಸೋಪು ತಿಂದ ಆತ ಅದೇ ರೋಗದಿಂದ 1757ರಲ್ಲಿ ಸತ್ತ.

ಇದನ್ನು ನೆನೆದು ನಗುವುದು ಸುಲಭ. ಆದರೆ ಈ ಗಲಾಟೆಯಿಂದ ಕಲ್ಲಿನ ರಸಾಯನಶಾಸ್ತ್ರಕ್ಕೆ ಒಂದು ಚುರುಕು ಬಂತು. ಸ್ವೀಡನ್ನಿನ ಷೀಲೆ 1776ರಲ್ಲಿ ಮೂತ್ರಕೋಶದ ಕಲ್ಲಿನಲ್ಲಿ ಯೂರಿಕ್ ಆಮ್ಲವನ್ನು ಕಂಡ. 1810ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ ಬೇರೊಂದು ಕಲ್ಲಿನಲ್ಲಿ ಇಂದು ಸಿಸ್ಟೀನ್ ಎನಿಸಿಕೊಂಡಿರುವ ವಸ್ತುವನ್ನು ಗುರುತಿಸಿದ. ಎಲ್ಲ ಕಲ್ಲೂ ಒಂದೇ ಅಲ್ಲ ಎಂದಾಯಿತು. ಇಂದು ಯೂರಿಕ್ ಆಮ್ಲದ ಕಲ್ಲನ್ನು ಮೂತ್ರದ ಆಮ್ಲತೆ ತಗ್ಗಿಸುವ ಔಷಧದಿಂದ ನಿಜವಾಗಿಯೂ ಕರಗಿಸಬಹುದು. ಹೆಚ್ಚಿನವರಲ್ಲಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಮಾತ್ರ ಯಾವ ಔಷಧಕ್ಕೂ ಹಾಗೆ ಕರಗುವುದಿಲ್ಲ.

ಕತ್ತಿಯೂ ಬೇಡ, ಮದ್ದೂ ಬೇಡ ಎಂದ ಮೂರನೆಯ ದಾರಿಯ ಕತೆ ನಮ್ಮ ದೇಶದಲ್ಲೇ ನಡೆದದ್ದು. ಫ್ರಾನ್ಸಿನ ಲಿಯಾನ್ ನಗರದಲ್ಲಿ 1735ರಲ್ಲಿ ಹುಟ್ಟಿದ ಕ್ಲಾಡ್ ಮಾರ್ಟಿನ್, ಫ್ರೆಂಚ್ ಸಿಪಾಯಿಯಾಗಿ ಬಂದು ಈಸ್ಟ್ ಇಂಡಿಯಾ ಕಂಪನಿ ಸೇರಿ ಲಖನೌದಲ್ಲಿ ಭಾರಿ ಹಣ ಮಾಡಿದ. 1791-92ರಲ್ಲಿ ಕಾರ್ನ್‌ವಾಲಿಸ್‌ನ ಜೊತೆ ಟಿಪ್ಪುವಿನ ವಿರುದ್ಧದ ಯುದ್ಧಕ್ಕೆ ನಮ್ಮ ಸೀಮೆಗೂ ಬಂದವನು. ಲಖನೌ, ಕಲ್ಕತ್ತಗಳ ಲಾ ಮಾರ್ಟಿನಿಯೇರ್ ಶಾಲೆಗಳು ಅವನ ಉಯಿಲಿನಿಂದ ಹುಟ್ಟಿದವು. 1782ರಲ್ಲಿ ಅವನಿಗೆ ಮೂತ್ರಕೋಶದ ಕಲ್ಲು ಕಾಣಿಸಿತು. ಯಂತ್ರಗಳ ಹುಚ್ಚಿದ್ದ ಆತ ಉಕ್ಕಿನ ತಂತಿಯ ತುದಿಯನ್ನು ಅರದಂತೆ ತರಿತರಿ ಮಾಡಿ, ಮೂತ್ರ ಹೊರಬರುವ ದಾರಿಯಲ್ಲಿ ಕೊಳವೆಯೊಂದರ ಮೂಲಕ ಒಳಕ್ಕೆ ಕಳಿಸಿ, ತನ್ನ ಕಲ್ಲನ್ನು ತಾನೇ ಉಜ್ಜತೊಡಗಿದ. ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ. ಪುಡಿ ಮೂತ್ರದ ಜೊತೆ ಹೊರಬಂತು, ಅವನು ಗುಣವಾದ. ಕೊಯ್ಯದೆ, ಒಳಗೇ ಪುಡಿ ಮಾಡುವ ಈ ಉಪಾಯವನ್ನು ವೈದ್ಯನಲ್ಲದ ಒಬ್ಬ ಸಿಪಾಯಿ ಪ್ಯಾರಿಸ್ಸಿನ ಶಸ್ತ್ರವೈದ್ಯರಿಗಿಂತ ನಲವತ್ತು ವರ್ಷ ಮೊದಲೇ ಮಾಡಿ ತೋರಿಸಿದ್ದ.

ಪ್ಯಾರಿಸ್ಸಿನ ಪಟ್ಟಿ

ಆ ಪ್ಯಾರಿಸ್ ವೈದ್ಯ ಜ್ಯಾಂ ಸಿವಿಯಾಲ್. 1824ರ ಜನವರಿ 13ರಂದು ನೆಕ್ಕರ್ ಆಸ್ಪತ್ರೆಯಲ್ಲಿ ಆತ ಮೂತ್ರದ ದಾರಿಯಿಂದ ಉದ್ದನೆಯ ಕೊಳವೆ ತೂರಿಸಿದ. ಮೂತ್ರಕೋಶದೊಳಗೆ ಹೋದ ಮೇಲೆ ಅದರಿಂದ ಮೂರು ಕೊಕ್ಕೆಗಳು ಬಿಚ್ಚಿಕೊಂಡು ಕಲ್ಲನ್ನು ಹಿಡಿಯುತ್ತವೆ. ನಡುವಿನ ಬೈರಿಗೆ ಕಲ್ಲನ್ನು ಕೊರೆಯುತ್ತದೆ. ರಕ್ತದ ಕೋಡಿಯಿಲ್ಲ. ಆದರೆ ಕಲ್ಲು ಮುಗಿಯುವತನಕ ಮತ್ತೆ ಮತ್ತೆ ಬರಬೇಕು. ಹಳೆಯ ಪದ್ಧತಿಯವರು ಒಪ್ಪುತ್ತಾರೆಯೇ? ಅವರು ಗೇಲಿ ಮಾಡಿದರು, ತಾನೇ ಮೊದಲು ಎಂದು ಜಗಳಕ್ಕೆ ಬಂದವರೂ ಇದ್ದರು.

ಸಿವಿಯಾಲ್ ಕಾದಾಡಿದ್ದು ಅಂಕಿಗಳಿಂದ. ಯೂರೋಪಿನ ಬೇರೆ ಬೇರೆ ಆಸ್ಪತ್ರೆಗಳಿಂದ ಕಲ್ಲು ಕೊಯ್ದ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ತರಿಸಿದ. ಸರಿಸುಮಾರು ಐವರಲ್ಲಿ ಒಬ್ಬರು ಸತ್ತಿದ್ದರು. ತನ್ನ ವಿಧಾನದ ಕೆಲವು ನೂರು ರೋಗಿಗಳ ಲೆಕ್ಕವನ್ನು ಅದರ ಪಕ್ಕ ಇಟ್ಟ. ಅಲ್ಲಿ ಸತ್ತವರು ನೂರಕ್ಕೆ ಎರಡರ ಆಸುಪಾಸು. 1835ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಇದನ್ನು ಪರಿಶೀಲಿಸಲು ಸಮಿತಿ ನೇಮಿಸಿತು. ಅದರಲ್ಲಿ ಗಣಿತಜ್ಞ ಪುವಾಸೋನ್ ಇದ್ದ, ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆಯೂ ಇದ್ದ. ಒಬ್ಬ ವೈದ್ಯನ ನೆನಪು, ಒಬ್ಬ ಗುರುವಿನ ಮಾತು ಇವುಗಳ ಜಾಗದಲ್ಲಿ ಸಾವಿರಾರು ರೋಗಿಗಳ ಎಣಿಕೆ ಬಂದು ಕೂತಿತು. ಇಂದು ಯಾವ ಔಷಧ ಮಾರುಕಟ್ಟೆಗೆ ಬಂದರೂ ಎಷ್ಟು ಮಂದಿಯಲ್ಲಿ ಪರೀಕ್ಷಿಸಿದಿರಿ ಎಂದು ಕೇಳುತ್ತೇವಲ್ಲ, ಆ ಪ್ರಶ್ನೆಯ ಬೇರು ಇಂಥ ಪಟ್ಟಿಗಳಲ್ಲಿದೆ.

ಸಮಿತಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಎಣಿಕೆಯಲ್ಲಿ ರೋಗಿ ತನ್ನ ವೈಯಕ್ತಿಕತೆ ಕಳೆದುಕೊಂಡು ಬರೀ ಒಂದು ಘಟಕವಾಗುತ್ತಾನೆ, ಆದರೆ ವೈದ್ಯನ ಮುಂದೆ ಬರುವವನು ಪ್ರತ್ಯೇಕ ಮನುಷ್ಯ ಎಂಬುದು ಅವರ ಆಕ್ಷೇಪದ ಸಾರ. ಇನ್ನೊಂದು ಆಕ್ಷೇಪ ಇದಕ್ಕಿಂತ ಚೂಪು. ಸಿವಿಯಾಲ್ ತನ್ನ ಕೊಳವೆಗೆ ಆರಿಸಿಕೊಂಡದ್ದು ಯಾರನ್ನು? ಕಲ್ಲು ಚಿಕ್ಕದಿರುವ, ಮೂತ್ರಕೋಶ ಆರೋಗ್ಯವಾಗಿರುವ ವಯಸ್ಕರನ್ನು. ಕಲ್ಲು ತೀರಾ ದೊಡ್ಡದಾದವರು, ಕೊಳವೆ ಹಿಡಿಸದವರು ಉಳಿಯುತ್ತಿದ್ದುದು ಕತ್ತಿಯವರ ಪಾಲಿಗೆ. ಹೀಗಿರುವಾಗ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಡುವುದು ನ್ಯಾಯವೇ? ಸಿವಿಯಾಲ್‌ನ ವಿಧಾನ ನಿಜಕ್ಕೂ ಮೇಲಾಗಿತ್ತು, ಕಾಲ ಅದನ್ನು ತೋರಿಸಿತು. ಪ್ರಶ್ನೆ ಮಾತ್ರ ಉಳಿಯಿತು.

ಕೊಳವೆಯ ವಿಧಾನವೂ ನಿರಪಾಯಕಾರಿಯೇನಲ್ಲ. ರಾಜ್ಯ ಕಳೆದುಕೊಂಡು ಇಂಗ್ಲೆಂಡಿನಲ್ಲಿದ್ದ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಕಲ್ಲನ್ನು ಸರ್ ಹೆನ್ರಿ ಥಾಮ್ಸನ್ ಎರಡು ಸಲ ಪುಡಿ ಮಾಡಿದ. ಮೂರನೆಯ ಸಲಕ್ಕೆ ಮುಂಚೆಯೇ, 1873ರ ಜನವರಿ 9ರಂದು, ಚಕ್ರವರ್ತಿ ತೀರಿಕೊಂಡ. 1878ರಲ್ಲಿ ಬಾಸ್ಟನ್ನಿನ ಬಿಗೆಲೊ, ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಪುಡಿ ಮಾಡಿ, ಚೂರುಗಳನ್ನೆಲ್ಲ ಹೀರಿ ತೆಗೆಯುವ ಕ್ರಮ ತಂದ. ಅದನ್ನು ಮಕ್ಕಳಿಗೂ ಮಾಡಬಹುದೆಂದು ತೋರಿಸಿದ ಕೀರ್ತಿ ಇಂದೋರಿನ ವೈದ್ಯ ಕೀಗನ್‌ಗೆ ಸೇರಬೇಕು. ಮೊರಾದಾಬಾದಿನ ಫ್ರೇಯರ್ ಕೂಡ ಇದರಲ್ಲಿ ಹೆಸರಾದವನು. ಉತ್ತರ ಭಾರತದಲ್ಲಿ ಕಲ್ಲಿನ ಮಕ್ಕಳು ಅಷ್ಟು ಮಂದಿ ಇದ್ದರು. ಯಾಕೆ ಇದ್ದರು ಎಂಬುದನ್ನು ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಇಲಿಗಳ ಮೇಲೆ ಪ್ರಯೋಗ ಮಾಡಿ ಹುಡುಕಿದರು. ಹಾಲು, ‘ಎ’ ಜೀವಸತ್ವ ಇಲ್ಲದೆ ಬರೀ ಧಾನ್ಯದ ಆಹಾರ ತಿಂದ ಇಲಿಗಳಲ್ಲಿ ಕಲ್ಲು ಹುಟ್ಟಿತು. 1931ರಲ್ಲಿ ಅವರು ಪ್ರಕಟಿಸಿದ ಈ ಫಲಿತಾಂಶ ಮಕ್ಕಳ ಕಲ್ಲಿಗೂ ಬಡತನದ ಊಟಕ್ಕೂ ಇರುವ ನಂಟನ್ನು ಗಟ್ಟಿ ಮಾಡಿತು. ಊಟ ಸುಧಾರಿಸಿದ ಕಡೆಗಳಲ್ಲಿ ಮಕ್ಕಳ ಮೂತ್ರಕೋಶದ ಕಲ್ಲು ಅಪರೂಪವಾಯಿತು. ಅದರ ಜಾಗಕ್ಕೆ ಬಂದದ್ದು ದೊಡ್ಡವರ ಮೂತ್ರಪಿಂಡದ ಕಲ್ಲು.

ಅಂಕಿಯ ಕಣ್ಕಟ್ಟು

ಮೂತ್ರಪಿಂಡಕ್ಕೆ ಕೈಹಾಕಲು ಅರಿವಳಿಕೆ, ಕ್ರಿಮಿನಾಶಕ ಎರಡೂ ಬೇಕಾದವು. ಕಲ್ಲು ಎಲ್ಲಿದೆಯೆಂದು ಕಾಣಬೇಕಿತ್ತು; 1896ರಲ್ಲಿ, ಎಕ್ಸ್‌ರೇ ಸುದ್ದಿ ಬಂದ ಕೆಲವೇ ತಿಂಗಳಲ್ಲಿ, ಗ್ಲಾಸ್ಗೋದ ಮ್ಯಾಕಿಂಟೈರ್ ಮೂತ್ರಪಿಂಡದ ಕಲ್ಲಿನ ಚಿತ್ರ ತೆಗೆದ. ಅಲ್ಲಿಂದ ಎಂಬತ್ತು ವರ್ಷ ಪಕ್ಕೆಯಲ್ಲಿ ಗೇಣುದ್ದ ಕೊಯ್ದು ತೆಗೆಯುವುದೇ ರೂಢಿ. 1976ರಲ್ಲಿ ಸ್ವೀಡನ್ನಿನ ಫೆರ್ನ್‌ಸ್ಟ್ರೋಮ್ ಮತ್ತು ಯೋಹಾನ್ಸನ್ ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ, ಕೊಳವೆ ಇಳಿಸಿ ಕಲ್ಲು ತೆಗೆದ ವರದಿ ಪ್ರಕಟಿಸಿದರು. ನಾಲ್ಕು ವರ್ಷದ ನಂತರ ಇನ್ನೂ ವಿಚಿತ್ರವಾದದ್ದು ನಡೆಯಿತು. ಜರ್ಮನಿಯ ಡಾರ್ನಿಯರ್ ವಿಮಾನ ಕಂಪನಿ, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದಾಗ ಲೋಹದಲ್ಲಿ ಏನಾಗುತ್ತದೆಂದು ಅಧ್ಯಯನ ಮಾಡುತ್ತಿತ್ತು. ಆ ಬಡಿತದ ಅಲೆ ಗಟ್ಟಿ ವಸ್ತುವನ್ನು ಒಡೆಯುತ್ತದೆ, ಆದರೆ ನೀರಿನಂಥ ಮೆದು ಅಂಗಾಂಶವನ್ನು ಬಹುಮಟ್ಟಿಗೆ ದಾಟಿ ಹೋಗುತ್ತದೆ. 1980ರ ಫೆಬ್ರವರಿ 7ರಂದು ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಚೌಸಿ ಮತ್ತು ಸಂಗಡಿಗರು ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ, ಹೊರಗಿನಿಂದಲೇ ಆಘಾತ ತರಂಗ ಹಾಯಿಸಿ ಕಲ್ಲು ಒಡೆದರು. ಸುಶ್ರುತನ ಬಿಸಿನೀರಿನ ತೊಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ನೆನಪಾಗದೆ ಇರದು.

ಇಷ್ಟೆಲ್ಲ ಆಯ್ಕೆಗಳು ಬಂದ ಮೇಲೆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲಂಡನ್ನಿನ ವೈದ್ಯರ ಅಧ್ಯಯನವೊಂದು ಬಂತು. ಪಕ್ಕೆ ಕೊಯ್ದು ಮಾಡಿದ 350 ಚಿಕಿತ್ಸೆಗಳಲ್ಲಿ 273 ಯಶಸ್ವಿ, ಅಂದರೆ ನೂರಕ್ಕೆ 78. ಬೆನ್ನಿನ ರಂಧ್ರದ ಮೂಲಕ ಮಾಡಿದ 350ರಲ್ಲಿ 289, ನೂರಕ್ಕೆ 83. ರಂಧ್ರವೇ ಗೆದ್ದಿತು ಎನ್ನೋಣವೇ?

ಸ್ವಲ್ಪ ತಡೆಯಿರಿ. ಅದೇ ಅಂಕಿಗಳನ್ನು ಕಲ್ಲಿನ ಗಾತ್ರದ ಪ್ರಕಾರ ಬಿಡಿಸಿ ನೋಡಿ. ಎರಡು ಸೆಂಟಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಕೊಯ್ತ 87ರಲ್ಲಿ 81 ಸಲ ಯಶಸ್ವಿ, ನೂರಕ್ಕೆ 93. ರಂಧ್ರ 270ರಲ್ಲಿ 234, ನೂರಕ್ಕೆ 87. ಇಲ್ಲಿ ಗೆದ್ದದ್ದು ಕೊಯ್ತ. ದೊಡ್ಡ ಕಲ್ಲುಗಳಲ್ಲಿ? ಕೊಯ್ತ 263ರಲ್ಲಿ 192, ನೂರಕ್ಕೆ 73. ರಂಧ್ರ 80ರಲ್ಲಿ 55, ನೂರಕ್ಕೆ 69. ಇಲ್ಲೂ ಕೊಯ್ತವೇ. ಚಿಕ್ಕದರಲ್ಲೂ ಗೆದ್ದು ದೊಡ್ಡದರಲ್ಲೂ ಗೆದ್ದ ವಿಧಾನ ಎರಡನ್ನೂ ಕೂಡಿಸಿದಾಗ ಸೋಲುವುದು ಹೇಗೆ?

ಒಂದು ತಾಲ್ಲೂಕಿನ ಎರಡು ಹೈಸ್ಕೂಲುಗಳನ್ನು ನೆನೆಸಿಕೊಳ್ಳಿ. ಒಂದು ಶಾಲೆ ಜಾಣ ಮಕ್ಕಳನ್ನೇ ಆರಿಸಿ ಸೇರಿಸಿಕೊಳ್ಳುತ್ತದೆ. ಸರ್ಕಾರಿ ಶಾಲೆ ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕು. ಸರ್ಕಾರಿ ಶಾಲೆಯ ಮೇಷ್ಟ್ರು ಜಾಣರಿಗೂ ದಡ್ಡರಿಗೂ ಹೆಚ್ಚು ಚೆನ್ನಾಗಿ ಕಲಿಸಿದರೂ ಎಸ್ಸೆಸ್ಸೆಲ್ಸಿಯ ಒಟ್ಟು ಫಲಿತಾಂಶದಲ್ಲಿ ಹಿಂದೆ ಬೀಳಬಹುದು. ಲಂಡನ್ನಿನಲ್ಲೂ ಅದೇ ಆದದ್ದು. ರಂಧ್ರದ ಪಾಲಿಗೆ ಬಂದದ್ದು ಹೆಚ್ಚಾಗಿ ಸುಲಭವಾದ ಚಿಕ್ಕ ಕಲ್ಲು. ಕೊಯ್ತದ ಪಾಲಿಗೆ ಕಷ್ಟದ ದೊಡ್ಡ ಕಲ್ಲು. 1994ರಲ್ಲಿ ಅದೇ ಪತ್ರಿಕೆಯಲ್ಲಿ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಈ ಕಣ್ಕಟ್ಟನ್ನು ಎತ್ತಿ ತೋರಿಸಿದರು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸ ಎಂದು ಹೆಸರು. ಪಾಠ ಹೇಳುವವರು ಇಂದಿಗೂ ಬಳಸುವ ಉದಾಹರಣೆ ಇದೇ ಮೂತ್ರಪಿಂಡದ ಕಲ್ಲು. ಸಿವಿಯಾಲ್‌ನ ಪಟ್ಟಿಗೆ 1835ರಲ್ಲಿ ಬಂದ ಆಕ್ಷೇಪವೂ ಇದರ ಹತ್ತಿರದ್ದೇ. ಚೆಸೆಲ್ಡನ್ ವಯಸ್ಸಿನ ಪ್ರಕಾರ ಪಟ್ಟಿ ಬಿಡಿಸಿದ್ದರಿಂದ ತಪ್ಪಿಸಿಕೊಂಡದ್ದೂ ಇದನ್ನೇ. ಹಾಗೆಂದು ಕೊಯ್ತವೇ ಒಳ್ಳೆಯದು ಎಂದು ಯಾರೂ ಹಿಂದಿರುಗಿ ಹೋಗಲಿಲ್ಲ. ಗೇಣುದ್ದದ ಗಾಯ, ಆಸ್ಪತ್ರೆಯಲ್ಲಿ ಮಲಗಬೇಕಾದ ದಿನಗಳು, ಮತ್ತೆ ಕಲ್ಲಾದಾಗ ಅದೇ ಜಾಗ ಮತ್ತೆ ಕೊಯ್ಯುವ ಕಷ್ಟ ಇವು ಕಲ್ಲು ಹೋಯಿತೇ ಇಲ್ಲವೇ ಎಂಬ ಒಂದೇ ಅಂಕಣದಲ್ಲಿ ಕಾಣುವುದಿಲ್ಲ.

ಈ ಮೋಸದಿಂದ ಪಾರಾಗುವ ದಾರಿಯೆಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರು ಆರಿಸದೆ, ಚೀಟಿ ಎತ್ತಿದಂತೆ ಹಂಚುವುದು. ಕಲ್ಲಿನ ವಿಷಯದಲ್ಲಿ ಇಂಥ ಪರೀಕ್ಷೆಗಳು ಈಗ ಸಾಕಷ್ಟು ನಡೆದಿವೆ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ತರಂಗ ಮೇಲೋ, ಕೆಳಗಿನಿಂದ ದೂರದರ್ಶಕದಂಥ ಸಪೂರ ಕೊಳವೆ ಕಳಿಸಿ ಲೇಸರಿನಿಂದ ಒಡೆಯುವುದು ಮೇಲೋ ಎಂದು ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ತರಂಗ ಪಡೆದವರಲ್ಲಿ ಸುಮಾರು ನೂರಕ್ಕೆ 22 ಮಂದಿಗೆ, ಕೊಳವೆಯವರಲ್ಲಿ 10 ಮಂದಿಗೆ ಮತ್ತೆ ಚಿಕಿತ್ಸೆ ಬೇಕಾಯಿತು. ಕೊಳವೆ ಹೆಚ್ಚು ಖಚಿತ. ತರಂಗಕ್ಕೆ ಖರ್ಚು ಕಡಿಮೆ, ಪೂರ್ತಿ ಅರಿವಳಿಕೆಯ ಗೊಡವೆ ಸಾಮಾನ್ಯವಾಗಿ ಇಲ್ಲ. ಐವರಲ್ಲಿ ಒಬ್ಬರು ಮತ್ತೆ ಬರಬೇಕಾದರೂ ಪರವಾಗಿಲ್ಲ ಎನ್ನುವವರಿಗೆ ಅದೇ ಸರಿ. ಮೂತ್ರಪಿಂಡದೊಳಗಿನ ಎರಡು ಸೆಂಟಿಮೀಟರ್ ದಾಟಿದ ಕಲ್ಲಿಗೆ ಬೆನ್ನಿನ ರಂಧ್ರವೇ ಮೊದಲ ಆಯ್ಕೆ ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಪಕ್ಕೆ ಕೊಯ್ಯುವುದು ಈಗ ಅಪರೂಪ.

ಇನ್ನು ಬಾಳೆದಿಂಡಿನ ಮಾತು. ನಾಳ ಸಡಿಲಿಸಿ ಕಲ್ಲು ಬೇಗ ಬೀಳುವಂತೆ ಮಾಡುತ್ತವೆ ಎಂದು ವೈದ್ಯರು ಬರೆದುಕೊಡುತ್ತಿದ್ದ ಎರಡು ಮಾತ್ರೆಗಳನ್ನು ಬ್ರಿಟನ್ನಿನ 24 ಆಸ್ಪತ್ರೆಗಳಲ್ಲಿ ಸತ್ತ್ವವಿಲ್ಲದ ಹುಸಿ ಮಾತ್ರೆಯ ಜೊತೆ ಹೋಲಿಸಿದರು. 1,100ಕ್ಕೂ ಹೆಚ್ಚು ರೋಗಿಗಳು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿತ್ತು: ನಾಲ್ಕು ವಾರದಲ್ಲಿ ಮತ್ತಾವ ಚಿಕಿತ್ಸೆಯೂ ಬೇಡವಾದವರು ಮೂರು ಗುಂಪಿನಲ್ಲೂ ನೂರಕ್ಕೆ 80ರ ಆಸುಪಾಸು. ಅಂದರೆ ಏನೂ ಇಲ್ಲದ ಮಾತ್ರೆ ನುಂಗಿದವರಲ್ಲೂ ಐವರಲ್ಲಿ ನಾಲ್ವರು ಪಾರಾದರು. ನಾಳದ ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಬೀಳುತ್ತವೆ. ಬೀಳುವ ಹೊತ್ತಿಗೆ ಬಾಯಲ್ಲಿ ಇದ್ದದ್ದು ಬಾಳೆದಿಂಡಿನ ರಸವಾದರೆ ಹೆಸರು ಅದಕ್ಕೆ, ಹುರುಳಿ ಕಟ್ಟಾದರೆ ಅದಕ್ಕೆ, ಲಂಡನ್ನಿನಲ್ಲಾದರೆ ಬಸವನಹುಳುವಿಗೆ. ಕಾಯುವುದರಲ್ಲಿ ತಪ್ಪಿಲ್ಲ. ಆದರೆ ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಇರುವುದೇ ಒಂದು ಮೂತ್ರಪಿಂಡವಾದರೆ ಕಾಯಬಾರದು. ಅಂಥವರು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ತೆಗೆದ ಕಲ್ಲು ಮತ್ತೆ ಬೆಳೆಯುವುದನ್ನು ತಡೆಯುವ ಬಗೆಗೂ ಇಟಲಿಯ ಬೊರ್ಗಿ ಮತ್ತು ಸಂಗಡಿಗರು ಇದೇ ರೀತಿ ಹೋಲಿಸಿ ನೋಡಿದ್ದಾರೆ. ದಿನಕ್ಕೆ ಎರಡು ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿದವರಲ್ಲಿ ಐದು ವರ್ಷದಲ್ಲಿ ಮತ್ತೆ ಕಲ್ಲಾದದ್ದು ನೂರಕ್ಕೆ 12 ಮಂದಿಗೆ, ಹಾಗೆ ಕುಡಿಯದವರಲ್ಲಿ 27 ಮಂದಿಗೆ. 1996ರಲ್ಲಿ ಪ್ರಕಟವಾದ ಈ ಫಲಿತಾಂಶ ಯಾರಿಗೂ ಅಚ್ಚರಿ ತರಲಿಲ್ಲ. ಅಚ್ಚರಿ ತಂದದ್ದು 2002ರದು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಹಾಲು ಮೊಸರು ಬಿಡಿ ಎಂದು ಹೇಳುವುದು ವೈದ್ಯರಲ್ಲೂ ರೂಢಿಯಾಗಿತ್ತು. ಅವರು ಅರವತ್ತು ಗಂಡಸರಿಗೆ ಹಾಗೆ ಕ್ಯಾಲ್ಸಿಯಂ ಕಡಿಮೆ ಮಾಡಿಸಿದರು. ಇನ್ನೂ ಅರವತ್ತು ಮಂದಿಗೆ ಕ್ಯಾಲ್ಸಿಯಂ ಎಂದಿನಂತೆ ಕೊಟ್ಟು, ಉಪ್ಪು ಮತ್ತು ಮಾಂಸ ತಗ್ಗಿಸಿದರು. ಐದು ವರ್ಷದ ಮೇಲೆ ನೋಡಿದರೆ ಮೊದಲ ಗುಂಪಿನಲ್ಲಿ 23 ಮಂದಿಗೆ ಮತ್ತೆ ಕಲ್ಲಾಗಿತ್ತು, ಎರಡನೆಯದರಲ್ಲಿ 12 ಮಂದಿಗೆ. ಹಾಲಿನ ಕ್ಯಾಲ್ಸಿಯಂ ಊಟದ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಸಾಗಿಸುತ್ತದೆ. ಹಾಲು ಬಿಟ್ಟವರಲ್ಲಿ ಅದು ರಕ್ತ ಸೇರಿ ಮೂತ್ರಪಿಂಡದ ಹಾದಿ ಹಿಡಿಯುತ್ತದೆ.